ಗುಮ್ಮಟ ನೋಡಿದ್ದಾಯ್ತು, ಕೆರಿ ನೋಡೋಣ ಬರ್ರಿ

ನಮ್ಮ ಮನೆಗೆ ಬೀಗರು ಬಂದರೆ ಮೊದಲ ದಿನವೇ ಗೋಳಗುಮ್ಮಟ. ಮೇಲೆ ಹತ್ತಿಸಿ, ಪಿಸುಮಾತಿನ ಗ್ಯಾಲರಿಯಲ್ಲಿ ಮಕ್ಕಳಿಂದ ಕೂಗಿಸಿ, ಒಂದು ಫೋಟೊ ತೆಗೆದು ಸಂಜೆ ಗಾಡಿ ಹತ್ತಿಸಿದರೆ ನಮ್ಮ ಕೆಲಸ ಮುಗೀತು. ವಿಜಯಪುರದ ಬಹಳಷ್ಟು ಮನೆಗಳಲ್ಲಿ ಇದೇ ಕಥೆ.

ಈ ಸಲ ದೀಪಾವಳಿಗೆ ಬಂದವರನ್ನೆಲ್ಲ ಕಳಿಸಿದ ಮೇಲೆ ನಮ್ಮ ಅತ್ತಿ ಕೇಳಿದರು: “ಬಂದವರಿಗೆಲ್ಲಾ ಗುಮ್ಮಟ ತೋರಸ್ತಿ. ನನಗ ನಮ್ಮೂರ ಕೆರಿ ಯಾವಾಗ ತೋರಸ್ತೀವಾ?”

ಅವರ ತವರು ಬಬಲೇಶ್ವರ ತಾಲ್ಲೂಕಿನ ಮಮದಾಪುರ. ಅಣ್ಣ-ತಮ್ಮಂದಿರು ತೀರಿಕೊಂಡ ಮೇಲೆ ಹತ್ತು ವರ್ಷದಿಂದ ಆ ದಾರಿ ತುಳಿದಿಲ್ಲ. ಮೊಣಕಾಲು ನೋವು ಬೇರೆ. ಇನ್ನು ತಡಮಾಡಬಾರದು ಅನ್ನಿಸಿತು. ರವಿವಾರ ನಸುಕಿನಲ್ಲೇ ಎದ್ದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಹೊರಟೆವು.

ಊರು ಬಿಡುವ ಮೊದಲು ತಾಜ್ ಬಾವಡಿ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, 1620ರಲ್ಲಿ ಕಟ್ಟಿದ್ದು. ದೊಡ್ಡ ಕಮಾನಿನ ಕೆಳಗೆ ನಿಂತರೆ ಸಾಕು, ಒಂದು ಊರಿಗೆ ನೀರು ಕುಡಿಸುವುದನ್ನು ಆ ಕಾಲದವರು ಎಷ್ಟು ದೊಡ್ಡ ಕೆಲಸವೆಂದು ತಿಳಿದಿದ್ದರು ಅನ್ನುವುದು ಗೊತ್ತಾಗುತ್ತದೆ. ಅಲ್ಲೇ ಪಶ್ಚಿಮಕ್ಕೆ ಇಬ್ರಾಹಿಂ ರೋಜಾ. 1627ರಲ್ಲಿ ತೀರಿಕೊಂಡ ಅದೇ ಸುಲ್ತಾನ ತನ್ನ ಬೇಗಂ ತಾಜ್ ಸುಲ್ತಾನಾಳ ಜೊತೆ ಇಲ್ಲಿ ಮಲಗಿದ್ದಾನೆ. ಗೋಡೆಯ ಕೆತ್ತನೆ ನೋಡಲು ಅರ್ಧ ತಾಸಾದರೂ ಇಟ್ಟುಕೊಳ್ಳಿ.

ಮುಂದೆ ತೊರವಿ. ಮೆಟ್ಟಿಲಿಳಿದು ಹೋಗುವ ನರಸಿಂಹನ ಗುಡಿ ಇಲ್ಲಿದೆ. ಭಾಮಿನಿ ಷಟ್ಪದಿಯಲ್ಲಿ ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಊರಿದು. ಅತ್ತಿ ಇಳಿಯಲಾರದೆ ಮೇಲೆಯೇ ನಿಂತು ಕೈಮುಗಿದರು. ಸಮೀಪದಲ್ಲೇ ನವರಸಪುರದ ಸಂಗೀತ ಮಹಲ್. ಇಬ್ರಾಹಿಂ 1599ರಲ್ಲಿ ಇಲ್ಲೊಂದು ಹೊಸ ಪಟ್ಟಣವನ್ನೇ ಕಟ್ಟಲು ಶುರುಮಾಡಿದ. ಅದು ಮುಗಿಯುವ ಮೊದಲೇ 1624ರಲ್ಲಿ ಮಲಿಕ್ ಅಂಬರ್‌ನ ಸೈನ್ಯ ಬಂದು ಹಾಳುಗೆಡವಿತು. ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನು ಸ್ತುತಿಸಿದ ಸುಲ್ತಾನನ ಊರು ಈಗ ಮುರಿದ ಕಮಾನುಗಳಷ್ಟೇ. ಹಳೇ ವಿಜಯಪುರಕ್ಕೆ ಸುರಂಗದಲ್ಲಿ ನೀರು ಹೋಗುತ್ತಿದ್ದುದು ಕೂಡ ಇದೇ ತೊರವಿಯಿಂದ.

ತಿಕೋಟಾ ದಾಟುವಾಗ ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟ. ಒಂದು ಕಿಲೋ ಒಣದ್ರಾಕ್ಷಿ ಕೊಂಡು ಬಬಲೇಶ್ವರದ ದಾರಿ ಹಿಡಿದೆವು. ಅತ್ತಿ ಮಾತು ನಿಲ್ಲಿಸಿದ್ದರು.

ಮಮದಾಪುರ ಅನ್ನುವ ಹೆಸರೇ ಮಹಮ್ಮದ್ ಆದಿಲ್ ಶಾಹನಿಂದ ಬಂದದ್ದು. ಗೋಳಗುಮ್ಮಟದಲ್ಲಿ ಮಲಗಿದ್ದಾನಲ್ಲ, ಅವನೇ. ಈ ದೊಡ್ಡ ಕೆರೆಯೂ ಅವನ ಕಾಲದ್ದೇ. ಗುಮ್ಮಟವನ್ನು ನೂರು ಸಲ ತೋರಿಸಿದ ನನಗೆ ಇದು ಗೊತ್ತಿರಲಿಲ್ಲ!

“1972ರ ಬರದಾಗ ಈ ಕೆರಿ ಅಂಗಳದಾಗ ದನ ಮೇಯಿಸೀನಿ. ಒಂದು ಕೊಡ ನೀರಿಗೆ ನಮ್ಮವ್ವ ರಾತ್ರಿಯೆಲ್ಲಾ ಒರತಿ ಕಾಯ್ದಾಳ” ಅಂದರು ಅತ್ತಿ. ಈಗ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆರೆಗೆ ಬರುತ್ತದೆ. ಏರಿಯ ಮೇಲೆ ನಿಂತರೆ ಕಣ್ಣು ಹಾಯುವಷ್ಟು ದೂರ ನೀರು. ನನ್ನ ಭುಜ ಹಿಡಿದು ನಿಧಾನ ಇಳಿದು, ಒಂದು ಬೊಗಸೆ ನೀರು ಕಣ್ಣಿಗೆ ಹಚ್ಚಿಕೊಂಡರು.

“ತವರಾಗ ನನ್ನವರು ಯಾರೂ ಉಳಿದಿಲ್ಲ ಅಂತ ಬರೋದು ಬಿಟ್ಟಿದ್ದೆ. ತಪ್ಪು ಮಾಡಿದೆ ನೋಡವಾ.”

ಅಲ್ಲೇ ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಅಂದು ಅವರು ಎರಡು ರೊಟ್ಟಿ ಹೆಚ್ಚೇ ತಿಂದರು.

ನೀವೂ ಹೋಗಿಬನ್ನಿ. ಒಂದೇ ದಿನದ ಸುತ್ತು. ಬಿಸಿಲೇರುವ ಮುನ್ನ ಹೊರಡಿ, ಕುಡಿಯುವ ನೀರು ಜೊತೆಗಿರಲಿ, ಪ್ಲಾಸ್ಟಿಕ್ ವಾಪಸ್ ತನ್ನಿ. ಮನೆಯಲ್ಲಿ ಹಿರಿಯರಿದ್ದರೆ ಯಾವ ಊರಿಗೆ ಹೋಗಬೇಕೆಂದು ಮೊದಲು ಅವರನ್ನೇ ಕೇಳಿರಿ.