ಮುರಿದ ವೀರಗಲ್ಲನ್ನು ಚರಂಡಿಗೆ ಹಾಸಬೇಡಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮೂರ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ಹಳೇ ಗುಡಿಯ ಹಿಂದೆಯೋ ಅರ್ಧ ಹೂತು ನಿಂತಿರುವ ಕೆತ್ತನೆಯ ಕಲ್ಲಿನ ಪರವಾಗಿ ನಿಮ್ಮಲ್ಲಿ ಬೇಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಅದನ್ನು ಕೆಲವರು ವೀರಗಲ್ಲು ಎನ್ನುತ್ತೀರಿ, ಕೆಲವರು ವೀರಗಾರ ಎನ್ನುತ್ತೀರಿ. ಕೈಯೆತ್ತಿ ನಿಂತ ಹೆಣ್ಣಿನ ಕೆತ್ತನೆಯಿದ್ದರೆ ಅದು ಮಾಸ್ತಿಕಲ್ಲು. ಎಷ್ಟೋ ಊರುಗಳಲ್ಲಿ ಅದು ಇಡಿಯಾಗಿ ಉಳಿದಿಲ್ಲ, ತುಂಡಾಗಿ ಬಿದ್ದಿದೆ. ಒಡೆದ ಮೇಲೆ ಅದಕ್ಕೇನು ಬೆಲೆ ಎಂದು ಬಟ್ಟೆ ಒಗೆಯಲು ಬಳಸುತ್ತೇವೆ, ಚರಂಡಿಗೆ ಚಪ್ಪಡಿ ಹಾಸುತ್ತೇವೆ, ತಳಪಾಯಕ್ಕೆ ಸೇರಿಸಿಬಿಡುತ್ತೇವೆ.

ಒಂದು ಸಲ ಅದರ ಮುಂದೆ ಕೂತು ನೋಡಿ. ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿದರೆ ಸವೆದ ಗೆರೆಯೂ ಕಾಣುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಬಿಲ್ಲೆಳೆದು ನಿಂತವನು, ಮೈಗೆ ನಾಟಿದ ಬಾಣಗಳು, ಸೊಂಟದಲ್ಲಿ ಕಠಾರಿ, ಬಿಗಿದುಟ್ಟ ಕಚ್ಚೆಯ ನೆರಿಗೆ. ಮೂಲೆಯಲ್ಲಿ ದನಗಳು ಒತ್ತೊತ್ತಾಗಿ ನಿಂತಿದ್ದರೆ ಅದು ತುರುಗೊಳ್ ವೀರಗಲ್ಲು, ಅಂದರೆ ಊರ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಎಲ್ಲಕ್ಕೂ ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ನೆತ್ತಿಯ ಮೇಲೆ ಸೂರ್ಯ, ಚಂದ್ರ. ಮೇಲಿನ ಎರಡೂ ಪಟ್ಟಿಕೆ ಒಡೆದುಹೋಗಿ ಕೆಳಗಿನದೊಂದೇ ಉಳಿದಿರಲಿ, ಅವನು ಯಾತಕ್ಕಾಗಿ ಸತ್ತ ಎಂಬುದು ಆ ತುಂಡಿನಲ್ಲೇ ಇದೆ. ಅದೂ ಹೋದರೆ ಅವನು ಇದ್ದ ಎನ್ನುವುದಕ್ಕೆ ಬೇರೆ ಯಾವ ಪುರಾವೆಯೂ ಇಲ್ಲ. ಇವನು ರಾಜನಲ್ಲ. ಇವನ ಮೇಲೆ ಕಾವ್ಯ ಬರೆದವರಿಲ್ಲ.

ಅಂಥವನಿಗೆ ಆಗಿನವರು ಏನು ಕೊಟ್ಟರು ಗೊತ್ತೇ? ನೆಲ ಕೊಟ್ಟರು. ಊರಿಗಾಗಿ ಸತ್ತವನ ಮನೆಯವರಿಗೆ ಗದ್ದೆ ಬಿಟ್ಟುಕೊಟ್ಟು ಅದನ್ನು ನೆತ್ತರುಗೊಡಗೆ ಎಂದು ಕರೆದರು, ಕಲ್ಲಿನ ಮೇಲೆ ಬರೆಸಿದರು. ಮಂಡ್ಯ ಸೀಮೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 949ರಲ್ಲಿ ನಿಂತ ಕಲ್ಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ಕಾಳಿ ಎಂಬ ಬೇಟೆನಾಯಿಯ ಕಲ್ಲು. ಹಂದಿಯ ಜೊತೆ ಹೋರಾಡಿ ಸತ್ತ ನಾಯಿಗಾಗಿ ಅದರ ಒಡೆಯ ಮಣಲೆರ ಕಲ್ಲು ನಿಲ್ಲಿಸಿದ, ಭೂಮಿ ಬಿಡಿಸಿದ, ಈ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆ ಎಂದು ಅಲ್ಲಿನ ಗೊರವನಿಗೆ ಕಟ್ಟು ಹಾಕಿದ. ನಾಯಿಯ ನೆನಪಿಗೂ ಗದ್ದೆ ಬಿಟ್ಟುಕೊಟ್ಟ ಜನ ಇದೇ ನಾಡಿನವರು. ನಾವು ಚದರಡಿ ಲೆಕ್ಕದಲ್ಲಿ ಸೈಟು ಮಾರುತ್ತಾ, ಮನುಷ್ಯನ ನೆನಪಿಗೆ ಮೂರಡಿ ಬಿಡಲಾರೆವು ಎನ್ನುತ್ತಿದ್ದೇವೆ. ನನಗೆ ಸಂಕಟವಾಗುವುದು ಇಲ್ಲಿ.

ಬೆಂಗಳೂರು ಎಂಬ ಹೆಸರಿಗೆ ಹಳೆಯ ಸಾಕ್ಷಿ ನಮಗೆ ಎಲ್ಲಿಂದ ಸಿಕ್ಕಿತು? ಬೇಗೂರಿನ ಗುಡಿಯ ಆವರಣದ, ಸುಮಾರು ಕ್ರಿ.ಶ. 890ರ ಕಲ್ಲೊಂದರಿಂದ. ಬೆಂಗಳೂರ ಕಾಳಗದಲ್ಲಿ ಸತ್ತವನ ಕಲ್ಲು ಅದು. ಯಾರಾದರೂ ಅದನ್ನು ಹಂಡೆ ಒಲೆಗೆ ಗುಂಡುಕಲ್ಲಾಗಿ ಒಡೆದಿದ್ದರೆ ರಾಜಧಾನಿಯ ಹೆಸರಿನ ಆ ಸಾಕ್ಷಿ ಅಲ್ಲಿಗೇ ಮುಗಿಯುತ್ತಿತ್ತು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ಅಗೆದಾಗ ಗಂಗರ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಲ್ಲು ಮೇಲೆ ಬಂತು. ಪೆರ್ಬೊಳಲನಾಡು 30 ಎಂಬ ಆಗಿನ ಸೀಮೆಗಾಗಿ ಕಾದಿ ಮಡಿದ ಕಿತ್ತಯ್ಯನ ಕಲ್ಲು. ಹನ್ನೆರಡು ಶತಮಾನಕ್ಕೂ ಹೆಚ್ಚು ಕಾಲ ಉಳಿದದ್ದು ಮಣ್ಣಿನ ಜೊತೆ ಲಾರಿ ಏರಿ ಹೋಗಬಹುದಿತ್ತು. ಅಕ್ಷರ ಗುರುತಿಸಿದ ಕಣ್ಣು ಅಲ್ಲಿದ್ದದ್ದರಿಂದ ಉಳಿಯಿತು.

ಬೇರೆ ದೇಶದವರು ಇಂಥ ತುಂಡಿಗೆ ಎಷ್ಟು ಹಂಬಲಿಸುತ್ತಾರೆ ಎಂಬುದನ್ನೂ ಹೇಳುತ್ತೇನೆ. ಗ್ರೀಸಿನ ಅಥೆನ್ಸ್ ನಗರದ ಪಾರ್ಥೆನಾನ್ ಗುಡಿಯ ಉಬ್ಬುಕೆತ್ತನೆಯ ಒಂದು ಚೂರು ಇಟಲಿಯ ಪಲೆರ್ಮೊ ವಸ್ತುಸಂಗ್ರಹಾಲಯದಲ್ಲಿತ್ತು. ಉದ್ದಗಲ ಸುಮಾರು 35 ಮತ್ತು 31 ಸೆಂಟಿಮೀಟರು, ಒಂದು ಮೊಳವೂ ಇಲ್ಲ. ಅದರಲ್ಲಿ ಉಳಿದಿರುವುದು ಕೂತ ದೇವತೆಯೊಬ್ಬಳ ಪಾದ, ಅವಳ ಉಡುಪಿನ ಅಂಚು, ಅಷ್ಟೇ. 2022ರಲ್ಲಿ ಅದು ಅಥೆನ್ಸಿಗೆ ಮರಳಿತು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ, ಪಟ್ಟಿಕೆಯಲ್ಲಿ ಅದಕ್ಕೆ ಸೇರಿದ ಜಾಗದಲ್ಲೇ ಅದನ್ನು ಕೂರಿಸಿದರು. ದೊಡ್ಡಬಳ್ಳಾಪುರ ನೇಕಾರರ ಊರು. ಬಟ್ಟೆಯ ಅಂಚು, ಮಡಿಕೆ, ನೆರಿಗೆ ಏನೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಲ್ಲಿನಲ್ಲಿ ನೆರಿಗೆ ಮೂಡಿಸಿದ ಕೈ ಎಂಥದ್ದೆಂದು ಮಗ್ಗದ ಮುಂದೆ ಕೂತವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಈಗ ಕಾಲ ಬಹಳ ಕಡಿಮೆಯಿದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ವರ್ತುಲ ರಸ್ತೆ ಬಂದಿದೆ. ರಸ್ತೆಯ ಎರಡೂ ಕಡೆ ಹೊಲಗಳು ಬಡಾವಣೆಗಳಾಗುತ್ತಿವೆ. ಜೆಸಿಬಿಗೆ ಕಲ್ಲುಗಳಲ್ಲಿ ಭೇದ ತಿಳಿಯದು. ಇನ್ನೊಂದು ಕಡೆ ನಿಧಿ ಆಸೆಗೆ ಅಮಾವಾಸ್ಯೆ ರಾತ್ರಿ ಕಲ್ಲಿನ ಬುಡ ಅಗೆದು ಉರುಳಿಸುವವರಿದ್ದಾರೆ. ಅವರ ಕಿವಿಗೂ ಬೀಳಲಿ: ವೀರಗಲ್ಲಿನ ಕೆಳಗೆ ಹೊನ್ನಿಲ್ಲ. ಭಕ್ತಿಯಿಂದ ಆಯಿಲ್ ಪೇಂಟ್ ಬಳಿಯುವವರೂ ದಯವಿಟ್ಟು ನಿಲ್ಲಿಸಿ. ಹೂವಿಡಿ, ದೀಪ ಹಚ್ಚಿ, ಬಣ್ಣ ಮಾತ್ರ ಬೇಡ. ಅಕ್ಷರದ ಗೆರೆ ತುಂಬಿಕೊಂಡರೆ ಓದಲಾಗುವುದಿಲ್ಲ.

ನಮ್ಮದೇ ತಾಲ್ಲೂಕಿನ ರಾಜಘಟ್ಟವನ್ನು ನೆನಪಿಸಿಕೊಳ್ಳಿ. ಬೂದಿಗುಂಡಿ ಎಂದು ಬಿಟ್ಟಿದ್ದ ದಿಬ್ಬದಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು 2001 ಮತ್ತು 2004ರಲ್ಲಿ ಉತ್ಖನನ ಮಾಡಿದಾಗ ಬೌದ್ಧ ಚೈತ್ಯ, ವಿಹಾರ, ಮಣ್ಣಿನ ಪುಟ್ಟ ಹರಕೆ ಸ್ತೂಪಗಳು ಸಿಕ್ಕವು. ಬೂದಿ ಎಂದುಕೊಂಡದ್ದರ ಅಡಿಯಲ್ಲಿ ಇಷ್ಟಿದ್ದರೆ, ಕಣ್ಣೆದುರೇ ನಿಂತ ಕಲ್ಲುಗಳಲ್ಲಿ ಎಷ್ಟಿರಬೇಡ?

ಶಾಸನತಜ್ಞ ಬಿ.ಎಲ್. ರೈಸ್ ಅವರು 1905ರಲ್ಲಿ ಅಚ್ಚು ಹಾಕಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೇ ಸಂಪುಟದಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಶಾಸನಗಳು ಊರ ಹೆಸರಿನೊಂದಿಗೆ ಇವೆ. 2021ರಿಂದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದ್ದಾರೆ. ಆದರೆ ಅಕ್ಷರವಿಲ್ಲದ, ಬರೀ ಕೆತ್ತನೆಯ ಕಲ್ಲನ್ನು ಕೇಳುವವರು ಕಡಿಮೆ. ಅದಕ್ಕೆ ನೀವೇ ದಿಕ್ಕು. ನೂರು ವರ್ಷ ದಾಟಿದ ಶಿಲ್ಪ 1972ರ ಪುರಾವಸ್ತುಗಳ ಕಾಯ್ದೆಯ ಪ್ರಕಾರ ಪುರಾವಸ್ತು. ಪರಂಪರೆಯನ್ನು ಕಾಪಾಡುವುದು ಸಂವಿಧಾನದ 51ಎ ವಿಧಿ ಹೇಳುವ ಕರ್ತವ್ಯ. ಕಾನೂನು ಬರುವುದಕ್ಕೆ ಎಷ್ಟೋ ಮೊದಲು ಆ ಕಲ್ಲುಗಳೇ ನಮ್ಮನ್ನು ಕೇಳಿಕೊಂಡಿವೆ. ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಎಂದು ಶಾಸನದ ಕೊನೆಯಲ್ಲಿ ಬರೆಸಿದವರು ಮುಂದೆ ಬರುವ ನಮ್ಮನ್ನು ನೆನೆದೇ ಬರೆಸಿದ್ದು.

ಹೊಲ ಮಾರುವ ರೈತರೇ, ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ ಕೊಳ್ಳುವವರಿಗೆ ಆ ಕಲ್ಲನ್ನು ತೋರಿಸಿ, ಅದರ ಜಾಗ ಬಿಡಿಸಿ. ಗುತ್ತಿಗೆದಾರರೇ, ಕೆತ್ತನೆಯ ಕಲ್ಲು ಕಂಡರೆ ಯಂತ್ರ ನಿಲ್ಲಿಸಿ ತಹಶೀಲ್ದಾರ್ ಕಚೇರಿಗೆ, ಪುರಾತತ್ವ ಇಲಾಖೆಗೆ ಸುದ್ದಿ ಮುಟ್ಟಿಸಿ. ಮೇಷ್ಟ್ರುಗಳೇ, ಮಕ್ಕಳನ್ನು ಒಂದು ಮಧ್ಯಾಹ್ನ ಅಲ್ಲಿಗೆ ಕರೆದೊಯ್ಯಿರಿ, ಫೋಟೊ ತೆಗೆಸಿ, ಚೆದುರಿದ ತುಂಡುಗಳನ್ನು ಹುಡುಕಿಸಿ, ಎಲ್ಲಿ ಬಿದ್ದಿದ್ದವು ಎಂದು ಬರೆದಿಡಿಸಿ. ಉಳಿದವರೆಲ್ಲ ಮುಂದಿನ ಗ್ರಾಮಸಭೆಗೆ ಹೋಗಿ. ನಮ್ಮೂರಲ್ಲಿ ಇಂಥ ಕಡೆ ಇಷ್ಟು ಕಲ್ಲುಗಳಿವೆ, ಇವನ್ನು ಯಾರೂ ಕೀಳಕೂಡದು ಎಂದು ಸರ್ವೆ ನಂಬರ್ ಸಮೇತ ನಡಾವಳಿ ಪುಸ್ತಕದಲ್ಲಿ ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿ, ಒಂದು ನಕಲು ನಿಮ್ಮ ಕೈಯಲ್ಲೂ ಇಟ್ಟುಕೊಳ್ಳಿ.