ಇಂಗ್ಲಿಷಿನ 'ದಟ್', ನಮ್ಮ 'ಎಂದು'

ಸಿಂಗಾಪುರ ಎಂದೊಡನೆ ನಮ್ಮ ಕಾಲೇಜಿನ ಗೆಳತಿಯರು ವಿಮಾನವನ್ನು ನೆನೆಯುತ್ತಾರೆ. ನಮ್ಮ ಸಿಂಗಾಪುರಕ್ಕೆ ಅಷ್ಟು ಶ್ರಮ ಬೇಡ. ಯಲಹಂಕಕ್ಕೂ ಜಾಲಹಳ್ಳಿಗೂ ನಡುವೆ ಇರುವ ಊರದು. ಸಿಟಿ ಬಸ್ಸೇ ಸಾಕು. ಜಾಲಹಳ್ಳಿಯ ಕಡೆ ಎಚ್.ಎಂ.ಟಿ., ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಬಂದ ಮೇಲೆ ಈ ಕಡೆಯ ಮನೆಗಳಿಗೂ ಇಂಗ್ಲಿಷ್ ಕಾಗದಗಳು ಬರತೊಡಗಿದವೆಂದು ಹಿರಿಯರು ಹೇಳುತ್ತಾರೆ. ಕಾಗದಗಳು ಬಂದವು, ಓದುವವರು ಬರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಆದ್ದರಿಂದ ಬೀದಿಗೆ ಬಂದ ಇಂಗ್ಲಿಷ್ ಕಾಗದವೆಲ್ಲ ನಮ್ಮ ಜಗುಲಿಗೇ ಬರುವುದು ವಾಡಿಕೆಯಾಗಿದೆ. ಈ ಗೌರವ ನನಗೆ ಹೆಮ್ಮೆಯನ್ನು ತಂದಿತ್ತು. ಒಂದು ಕಾಗದ ಆ ಹೆಮ್ಮೆಯನ್ನು ಇಳಿಸಿತು.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ತೀರಿಕೊಂಡ ಯಜಮಾನರ ಹೆಸರಿನಲ್ಲಿ ಬರುವ ಕುಟುಂಬ ಪಿಂಚಣಿಯೇ ಅವರ ಜೀವನಾಧಾರ. ಪಿಂಚಣಿದಾರರು ತಾವು ಬದುಕಿರುವುದಾಗಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ತಿಂಗಳಿನಲ್ಲಿ, ಜೀವಿತ ಪ್ರಮಾಣಪತ್ರ ಕೊಡಬೇಕಷ್ಟೆ. ಅಜ್ಜಿಗೆ ಒಂದು ಕಾಗದ ಬಂದಿತು. ಅದರಲ್ಲಿದ್ದ ವಾಕ್ಯದ ಸಾರವಿಷ್ಟು: 'ಇಟ್ ಈಸ್ ಎಸೆನ್ಷಿಯಲ್ ದಟ್ ದಿ ಸರ್ಟಿಫಿಕೇಟ್ ಬಿ ಸಬ್ಮಿಟೆಡ್ ಬಿಫೋರ್ ದಿ ಎಂಡ್ ಆಫ್ ನವೆಂಬರ್.' 'ಸಬ್ಮಿಟೆಡ್' ಎಂದರೆ 'ಸಲ್ಲಿಸಲಾಗಿದೆ' ಎಂದು ನನಗೆ ಗೊತ್ತಿತ್ತು. 'ಈಸ್' ಎಂದಿರಬೇಕಾದಲ್ಲಿ 'ಬಿ' ಎಂದಿರುವುದು ಅಚ್ಚಿನ ತಪ್ಪೆಂದು ತಿಳಿದೆ. "ಅವಶ್ಯವಾದ ಪತ್ರ ನವೆಂಬರಿನೊಳಗೇ ಸಲ್ಲಿಕೆಯಾಗಿದೆ ಅಂತ ಬರೆದಿದ್ದಾರೆ ಅಜ್ಜಿ, ಚಿಂತೆಯಿಲ್ಲ" ಎಂದು ಹೇಳಿ ಕಳಿಸಿದೆ. ಹೋದ ವರ್ಷದ ಪತ್ರಕ್ಕೆ ಸ್ವೀಕೃತಿ ಬಂದಿರಬೇಕೆಂದು ನನ್ನ ಊಹೆ.

ಡಿಸೆಂಬರ್ ಮುಗಿದರೂ ಹಣ ಬರಲಿಲ್ಲ. ಪ್ರಮಾಣಪತ್ರ ಕೊಟ್ಟ ಮೇಲೆ ಬಾಕಿಯೂ ಸೇರಿ ಬಂದಿತೆನ್ನಿ. ಆದರೆ ಅಷ್ಟರವರೆಗೆ ಅಜ್ಜಿ ಔಷಧಿ ಅಂಗಡಿಯಲ್ಲಿ ಸಾಲ ಹೇಳಬೇಕಾಯಿತು. ನಾನು ತಪ್ಪೊಪ್ಪಿಕೊಂಡಾಗ ಅವರು ಹೇಳಿದ್ದು ಒಂದೇ ಮಾತು: "ಹೋಗ್ಲಿ ಬಿಡು ಕಣಮ್ಮ, ಓದ್ದೋಳು ನೀನೇ ಹಿಂಗಂದ್ರೆ, ಓದ್ದೇ ಇರೋ ನಮ್ ಗತಿ ಏನು?" ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಈ ಮಾತು ಮರೆಯಲಾಗಲಿಲ್ಲ. ಆ ಚಿಂತನೆಯ ಫಲವೇ ಈ ಲೇಖನ.

ಇಂಗ್ಲಿಷಿನಲ್ಲಿ ಗುಣವಾಚಕದ ಬೆನ್ನಿಗೆ 'ದಟ್' ಸೇರಿಸಿ ಒಂದು ಉಪವಾಕ್ಯವನ್ನು ತರುವುದು ದಿನಬಳಕೆಯ ರೂಢಿ. ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ಕಾಣಬಹುದು. ಮನುಷ್ಯನ ಭಾವವನ್ನೋ ತಿಳಿವನ್ನೋ ಹೇಳುವುವು ಮೊದಲನೆಯ ಬಗೆ: ಗ್ಲ್ಯಾಡ್, ಸಾರಿ, ಪ್ರೌಡ್, ಅಫ್ರೇಡ್, ಶೂರ್, ಅವೇರ್. ಇವುಗಳಿಗೆ ಕರ್ತೃ ಮನುಷ್ಯನೇ: 'ಐ ಆಮ್ ಗ್ಲ್ಯಾಡ್ ದಟ್ ಯು ಕೇಮ್.' ಸಂಗತಿಯ ನಿಜ, ಸುಳ್ಳು, ಸಂಭವಗಳನ್ನು ತೂಗುವುವು ಎರಡನೆಯ ಬಗೆ: ಟ್ರೂ, ಕ್ಲಿಯರ್, ಪಾಸಿಬಲ್, ಲೈಕ್ಲಿ. ಇಲ್ಲಿ 'ಇಟ್' ಎಂಬ ಹೆಸರಿಗೆ ಮಾತ್ರದ ಕರ್ತೃ ಮುಂದೆ ನಿಂತು, ನಿಜವಾದ ವಿಷಯ ಹಿಂದಿನಿಂದ ಬರುತ್ತದೆ. 'ಸರ್ಟನ್' ಎಂಬುದು ಎರಡು ಮನೆಗೂ ಸಲ್ಲುವ ನೆಂಟ, 'ಶೂರ್' ಹಾಗಲ್ಲ. 'ಐ ಆಮ್ ಶೂರ್' ಎನ್ನಬಹುದು, 'ಇಟ್ ಈಸ್ ಶೂರ್ ದಟ್' ಎಂದರೆ ಕೇಳುವವರ ಹುಬ್ಬು ಏರುತ್ತದೆ. ನಮಗೋ ಎರಡೂ 'ಖಂಡಿತ'ವೇ!

ಮೂರನೆಯದು ಆಗಲೇಬೇಕೆಂಬ ಒತ್ತಾಯದ ಬಗೆ: ಎಸೆನ್ಷಿಯಲ್, ನೆಸೆಸರಿ, ಇಂಪಾರ್ಟೆಂಟ್. ಇವುಗಳ ನಂತರ ಕ್ರಿಯಾಪದ ಹಲವೊಮ್ಮೆ ತನ್ನ ಮೂಲರೂಪದಲ್ಲಿಯೇ ಬರುತ್ತದೆ: 'ಬಿ ಸಬ್ಮಿಟೆಡ್.' ಅದು ಆಗಿಹೋದ ಕೆಲಸವಲ್ಲ, ಆಗಬೇಕಾದ ಕೆಲಸ. 'ಶುಡ್ ಬಿ' ಎಂದು ಬರೆಯುವವರೂ ಉಂಟು. ಹಾಗೆ ಬರೆದಿದ್ದರೆ ನಾನೂ ತಿಳಿದುಕೊಳ್ಳುತ್ತಿದ್ದೆನೇನೋ. ಒಂದು ಪುಟ್ಟ 'ಬಿ' ಒಬ್ಬ ವೃದ್ಧೆಯ ತಿಂಗಳ ಔಷಧಿಯನ್ನು ತಡೆಯಿತು.

ಎಲ್ಲ ಗುಣವಾಚಕಗಳೂ ಈ 'ದಟ್' ಅನ್ನು ಸಹಿಸುವುದಿಲ್ಲ. 'ಇಟ್ ಈಸ್ ಡಿಫಿಕಲ್ಟ್ ದಟ್ ಐ ಗೋ' ಎಂದು ನಾವು ಬರೆದು ಕೆಂಪು ಶಾಯಿಯನ್ನು ಸಂಪಾದಿಸುತ್ತೇವೆ. 'ಡಿಫಿಕಲ್ಟ್ ಫಾರ್ ಮಿ ಟು ಗೋ' ಎನ್ನಬೇಕು. ಈ ತಪ್ಪಿಗೆ ನಮ್ಮ ದಡ್ಡತನ ಕಾರಣವಲ್ಲ. ಕನ್ನಡದಲ್ಲಿ 'ಹೋಗುವುದು ಅವಶ್ಯಕ', 'ಹೋಗುವುದು ಕಷ್ಟ' ಎರಡಕ್ಕೂ ಕಟ್ಟಡ ಒಂದೇ. ಮನೆಯ ಅಳತೆಗೋಲಿನಿಂದ ಪರರ ಮನೆಯನ್ನು ಅಳೆದೆವು, ಅಷ್ಟೆ.

ಹಾಗೆಂದಮಾತ್ರಕ್ಕೆ ನಮ್ಮ ಅಳತೆಗೋಲು ಒರಟಾದುದೆಂದು ತಿಳಿಯಬೇಕಾಗಿಲ್ಲ. ಇಂಗ್ಲಿಷಿನ 'ದಟ್' ಮೂಲತಃ ಬೆರಳು ತೋರಿಸುವ ಪದ. ನಮ್ಮ 'ಎಂದು', 'ಎಂಬ' ಹುಟ್ಟಿದುದು 'ಎನ್' ಎಂಬ ಧಾತುವಿನಿಂದ, ಅಂದರೆ ಹೇಳು ಎಂಬರ್ಥದಿಂದ. ಅವರು ತೋರಿಸುತ್ತಾರೆ, ನಾವು ನುಡಿಯುತ್ತೇವೆ. 'ಐ ಆಮ್ ಗ್ಲ್ಯಾಡ್ ದಟ್', 'ಐ ಆಮ್ ಶೂರ್ ದಟ್' ಎಂದು ಇಂಗ್ಲಿಷು ಎರಡು ಕಡೆಯೂ ಒಂದೇ ಪದವನ್ನು ಹಾಕುತ್ತದೆ. ನಾವಾದರೋ 'ಅವನು ಬಂದದ್ದು ಸಂತೋಷ' ಎನ್ನುತ್ತೇವೆ, 'ಅವನು ಬರುತ್ತಾನೆಂದು ನಂಬಿಕೆ' ಎನ್ನುತ್ತೇವೆ. ನಡೆದ ಸಂಗತಿಗೆ 'ಬಂದದ್ದು'. ಮನಸ್ಸಿನ ಎಣಿಕೆಗೆ 'ಎಂದು'. 'ಬಂದನೆಂದು ಸಂತೋಷಪಟ್ಟೆ' ಎಂಬ ಪ್ರಯೋಗವೂ ಉಂಟು, ನಿಜ. ಆದರೆ ಆಯ್ಕೆ ನಮ್ಮ ಕೈಯಲ್ಲಿದೆ. ಇನ್ನೊಂದು ವಿಶೇಷ: ಇಂಗ್ಲಿಷಿನವನು ತಾನೇ 'ಗ್ಲ್ಯಾಡ್' ಆಗುತ್ತಾನೆ, ನಮಗೆ ಸಂತೋಷ ಬಂದು ಸೇರುತ್ತದೆ, 'ನನಗೆ ಸಂತೋಷವಾಯಿತು.' ಭಯವೂ ಹಾಗೆಯೇ. 'ಐ ಆಮ್ ಅಫ್ರೇಡ್ ಸಾಹೇಬರು ಇಲ್ಲ' ಎಂದು ಫೋನಿನಲ್ಲಿ ಒಬ್ಬರು ಹೇಳಿದಾಗ, ಈತ ಯಾರಿಗೆ ಹೆದರಿದ್ದಾನೆ ಎಂದು ನಾನು ಮರುಗಿದ್ದುಂಟು! ಅದು ಭಯವಲ್ಲ, 'ಬೇಜಾರು ಮಾಡ್ಕೋಬೇಡಿ' ಎಂಬ ಸೌಜನ್ಯ. ಇಂಥ ಮಾತುಕತೆಯಲ್ಲಿ 'ದಟ್' ಜಾರಿಹೋಗುವುದೂ ಸಹಜವೇ.

ಇನ್ನು ಭಾಷಾಂತರದ ಮಾತು. ಇಂಗ್ಲಿಷಿನಲ್ಲಿ ತೂಕದ ಪದ ಮೊದಲು ಬರುತ್ತದೆ, ನಮ್ಮಲ್ಲಿ ಕೊನೆಗೆ. ಇದನ್ನು ಮರೆತವರು 'ಇದು ಸ್ಪಷ್ಟವಾಗಿದೆ, ಏನೆಂದರೆ' ಎಂದು ಬರೆಯುತ್ತಾರೆ. ಪ್ರಕಟಣೆಗಳಲ್ಲಿಯೂ ಭಾಷಣಗಳಲ್ಲಿಯೂ ಈ 'ಏನೆಂದರೆ'ಯ ಕಾಟ ಹೆಚ್ಚುತ್ತಿದೆ. 'ಅವರು ಬರುವುದಿಲ್ಲವೆಂಬುದು ಸ್ಪಷ್ಟ' ಎಂದರೆ ಮುಗಿಯಿತು. ಅಜ್ಜಿಯ ಕಾಗದವನ್ನೂ 'ನವೆಂಬರ್ ಮುಗಿಯುವುದರೊಳಗೆ ಪ್ರಮಾಣಪತ್ರ ಕೊಡಲೇಬೇಕು' ಎಂದು ಬರೆಯಬಹುದಾಗಿತ್ತು. ಆಗ ಅಜ್ಜಿಗೆ ನನ್ನ ಹಂಗೇ ಬೇಕಿರಲಿಲ್ಲ. ಎರಡನೆಯ ತರಗತಿಯ ಹುಡುಗ ಓದಿ ಹೇಳಿದ್ದರೂ ಸಾಕಿತ್ತು.

1963ರಲ್ಲಿಯೇ ನಮ್ಮ ರಾಜ್ಯದಲ್ಲಿ ರಾಜಭಾಷಾ ಅಧಿನಿಯಮ ಬಂದಿದೆ. ರಾಜ್ಯದ ಕಚೇರಿಗಳಿಗೆ ಕನ್ನಡ ಹಾದಿ ತೆರೆಯಿತು. ಆದರೆ ಬಡವರ ಮನೆಗೆ ಬರುವ ಕಾಗದಗಳೆಲ್ಲ ಆ ಕಚೇರಿಗಳಿಂದಲೇ ಬರುವುದಿಲ್ಲ. ಎಲ್ಲಿಂದ ಬಂದರೂ ಕಾಗದ ಪಡೆಯುವವನ ಭಾಷೆಯಲ್ಲಿರಬೇಕೆಂಬುದು ನನ್ನ ಮೊದಲನೆಯ ವಾದ. ಅದಾಗುವವರೆಗೆ ಓದಿ ಹೇಳುವ ಹೊಣೆ ನಮ್ಮಂಥವರದು. ಆದ್ದರಿಂದ ನಮಗೆ ಇಂಗ್ಲಿಷನ್ನು ಸರಿಯಾಗಿ ಕಲಿಸಬೇಕೆಂಬುದು ಎರಡನೆಯದು. ಕಲಿಸುವುದೆಂದರೆ ನಿಯಮಗಳನ್ನು ಬಾಯಿಪಾಠ ಮಾಡಿಸುವುದಲ್ಲ. ತರಗತಿಯಲ್ಲಿ ಕನ್ನಡವನ್ನು ಹೊರಗೆ ನಿಲ್ಲಿಸದೆ, ಎರಡು ಭಾಷೆಗಳ ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬೇಕು. ಜರ್ಮನಿಯಿಂದ ಬಂದ ಕಿಟ್ಟೆಲ್ ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನು ಆಧರಿಸಿ 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನು ಬರೆದರು. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡ ಕಟ್ಟಿದರು. ಎರಡು ಭಾಷೆಗಳನ್ನು ಎದುರುಬದುರು ಕೂರಿಸುವುದು ನಮ್ಮ ನಾಡಿಗೆ ಹೊಸತಲ್ಲ.

ಇಂಗ್ಲಿಷ್ ಬಾರದವರನ್ನು ಕಂಡು ನಗುವ ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ನಮ್ಮಲ್ಲಿ ಅನೇಕರ ಹಿಂದೆ ಒಂದು ಬೀದಿಯೇ ನಿಂತಿದೆ. ಪರೀಕ್ಷೆಯಲ್ಲಿ ನಾವು ತಪ್ಪಿದರೆ ಹೋಗುವುದು ನಮ್ಮ ಅಂಕ. ಜಗುಲಿಯ ಮೇಲೆ ತಪ್ಪಿದರೆ ಹೋಗುವುದು ಅವರ ಅನ್ನ. ಕಳೆದ ನವೆಂಬರಿನಲ್ಲಿ ಅಜ್ಜಿ ಮತ್ತೆ ಕಾಗದ ಹಿಡಿದು ಬಂದರು. ಈ ಸಲ ಎರಡು ಬಾರಿ ಓದಿದೆ, ಕನ್ನಡದಲ್ಲಿ ಬರೆದುಕೊಟ್ಟೆ, ಜೊತೆಯಲ್ಲಿಯೇ ಹೋಗಿ ಪ್ರಮಾಣಪತ್ರ ಕೊಡಿಸಿ ಬಂದೆ.