ರಶಿಯದ ಸ್ತ್ರೀಯರೂ ಅವರ ಹಕ್ಕುಗಳೂ

ರಶಿಯದ ಸ್ತ್ರೀಯರಿಗೆ ಮತದಾನದ ಹಕ್ಕನ್ನು ಬೋಲ್ಶೆವಿಕರು ದಯಪಾಲಿಸಿದರೆಂದು ವಿದ್ಯಾವಂತರೂ ಹೇಳುವುದುಂಟು. ಇದು ಸರಿಯಲ್ಲ. ಅವರು ಅಧಿಕಾರಕ್ಕೆ ಬರುವ ಮೊದಲೇ, ೧೯೧೭ರ ಜುಲೈ ತಿಂಗಳಲ್ಲಿ, ತಾತ್ಕಾಲಿಕ ಸರಕಾರವು ಇಪ್ಪತ್ತು ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ಆ ಹಕ್ಕನ್ನು ಕಾಯದೆಯಿಂದ ಕೊಟ್ಟಿತ್ತು. ಅದೂ ತಾನಾಗಿ ಕೊಟ್ಟದ್ದಲ್ಲ.

ಆ ದೇಶದ ಹಳೆಯ ಕಾಯದೆಯು ವಿಚಿತ್ರವಾದುದು. ೧೭೫೩ರಿಂದಲೂ ವಿವಾಹಿತೆಯು ಗಂಡನ ಒಪ್ಪಿಗೆಯಿಲ್ಲದೆ ತನ್ನ ಆಸ್ತಿಯನ್ನು ಕ್ರಯಕ್ಕೆ ಕೊಡಬಹುದಾಗಿತ್ತು; ಇಂಗ್ಲಂಡದ ಹೆಂಗಸರು ಇದಕ್ಕಾಗಿ ೧೮೮೨ರ ಕಾಯದೆಯ ವರೆಗೆ ಕಾಯಬೇಕಾಯಿತು. ಆದರೆ ಅದೇ ರಶಿಯದ ಹೆಂಡತಿಗೆ ಗಂಡನ ಅನುಮತಿಯಿಲ್ಲದೆ ರಹದಾರಿ ಪತ್ರವು ಸಿಕ್ಕುತ್ತಿರಲಿಲ್ಲ. ಹೊಲವನ್ನು ಮಾರಬಹುದು, ಊರನ್ನು ಬಿಡಕೂಡದು! ನ್ಯಾಯಶಾಸ್ತ್ರವನ್ನು ಓದಿದ ನಮಗೂ ಇದರ ತರ್ಕವು ತಿಳಿಯದು.

೧೮೬೩ರ ನಿಬಂಧನೆಯು ವಿಶ್ವವಿದ್ಯಾಲಯದ ಬಾಗಿಲನ್ನು ಅವರಿಗೆ ಮುಚ್ಚಿತು. ನಾದೆಝ್ದಾ ಸುಸ್ಲೋವಾ ಝೂರಿಕ್ಕಿಗೆ ಹೋಗಿ ೧೮೬೭ರಲ್ಲಿ ವೈದ್ಯಪದವಿಯನ್ನು ಪಡೆದಳು. ಆಕೆಯ ಹಿಂದೆ ಅನೇಕರು ನಡೆದರು. ೧೮೭೩ರಲ್ಲಿ ಝಾರ ಸರಕಾರವು ಹೆದರಿ ಅವರನ್ನು ಹಿಂದಕ್ಕೆ ಕರೆಯಿತು. ಇತ್ತ ಸ್ತಾಸೊವಾ, ಫಿಲೊಸೊಫೊವಾ, ತ್ರುಬ್ನಿಕೊವಾ ಎಂಬ ಮೂವರು ಮಹಿಳೆಯರು ಮನವಿಯ ಮೇಲೆ ಮನವಿ ಸಲ್ಲಿಸುತ್ತಲೇ ಇದ್ದರು. ೧೮೭೮ರಲ್ಲಿ ಬೆಸ್ತುಝೆವ್ ಉನ್ನತ ವಿದ್ಯಾಲಯವು ತೆರೆಯಿತು.

೧೯೧೭ರಲ್ಲಿ, ಅವರ ಪಂಚಾಂಗದ ಪ್ರಕಾರ ಫೆಬ್ರವರಿ ೨೩ರಂದು, ಪೆತ್ರೊಗ್ರಾದಿನ ನೂಲುಗಿರಣಿಯ ಹೆಂಗಸರು ರೊಟ್ಟಿ ಬೇಕೆಂದು ಬೀದಿಗಿಳಿದರು. ಏಳೇ ದಿನಗಳಲ್ಲಿ ಝಾರನು ಸಿಂಹಾಸನವನ್ನು ಬಿಟ್ಟನು. ಸಿಂಹಾಸನವನ್ನು ಅಲುಗಿಸಿದವರ ಮತದ ಮಾತನ್ನೇ ಹೊಸ ಸರಕಾರವು ಸ್ಪಷ್ಟವಾಗಿ ಎತ್ತಲಿಲ್ಲ! ಮಾರ್ಚ ೧೯ರಂದು ಸುಮಾರು ೪೦,೦೦೦ ಸ್ತ್ರೀಯರು ತಾವ್ರಿದಾ ಅರಮನೆಗೆ ಮೆರವಣಿಗೆಯಲ್ಲಿ ನಡೆದರು. ಮುಂದಾಳು ವೈದ್ಯೆ ಪೊಲಿಕ್ಸೆನಾ ಶಿಶ್ಕಿನಾ-ಯಾವೆಯಿನ್; ಜತೆಗೆ ಶ್ಲಿಸ್ಸೆಲ್ಬುರ್ಗ್ ಕೋಟೆಯ ಸೆರೆಯಲ್ಲಿ ಇಪ್ಪತ್ತು ವರ್ಷ ಕಳೆದ ವೃದ್ಧೆ ವೇರಾ ಫಿಗ್ನರ್. ಸ್ಪಷ್ಟವಾದ ಆಶ್ವಾಸನೆಯನ್ನು ಪಡೆಯದೆ ಅವರು ಅಲ್ಲಿಂದ ಕದಲಲಿಲ್ಲ.

ಬೋಲ್ಶೆವಿಕರು ಏನೂ ಮಾಡಲಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ವಿವಾಹ, ವಿಚ್ಛೇದನಗಳ ಕಾಯದೆಯನ್ನು ಅವರು ಬುಡಮಟ್ಟ ಬದಲಿಸಿದರು. ೧೯೧೯ರಲ್ಲಿ ಕೊಲ್ಲೊಂತಾಯ್, ಇನೆಸ್ಸಾ ಅರ್ಮಾಂದ್ ಮೊದಲಾದವರ ಯತ್ನದಿಂದ ಪಕ್ಷದಲ್ಲಿ ಸ್ತ್ರೀವಿಭಾಗವು ಹುಟ್ಟಿತು. ಆದರೆ ಸ್ವತಂತ್ರ ಸ್ತ್ರೀಸಂಘಗಳು ಉಳಿಯಲಿಲ್ಲ. ೧೯೩೦ರಲ್ಲಿ ಆ ವಿಭಾಗವನ್ನೂ ಮುಚ್ಚಿ, ಸ್ತ್ರೀಯರ ಪ್ರಶ್ನೆಯು ಬಗೆಹರಿಯಿತೆಂದು ಸಾರಲಾಯಿತು. ಬಗೆಹರಿದಿದ್ದರೆ ೧೯೭೯ರಲ್ಲಿ ಲೆನಿನ್‌ಗ್ರಾದಿನ ಕೆಲವು ಸ್ತ್ರೀಯರು ತಮ್ಮ ಕಷ್ಟಗಳ ಸಂಚಿಕೆಯನ್ನು ಗುಟ್ಟಾಗಿ ಹಂಚಬೇಕಾದುದೇಕೆ? ಮರುವರ್ಷವೇ ತತ್ಯಾನಾ ಮಾಮೊನೊವಾ ಮೊದಲಾದ ಅದರ ಸಂಪಾದಕಿಯರನ್ನು ದೇಶದಿಂದ ಹೊರಗಟ್ಟಿದುದೇಕೆ? ೨೦೧೭ರಲ್ಲಂತೂ, ಮನೆಯವರನ್ನು ಮೊದಲ ಸಲ ಹೊಡೆದು ದೊಡ್ಡ ಗಾಯ ಮಾಡದವನ ಕೃತ್ಯವನ್ನು ದಂಡಸಂಹಿತೆಯಿಂದಲೇ ತೆಗೆದು, ಸಣ್ಣ ತಪ್ಪುಗಳ ಸಾಲಿಗೆ ಸೇರಿಸಲಾಯಿತು.